ಗಂಜಿ ಅಂಗಿಯ ಸಾಹೇಬರು

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಅಮೆರಿಕದ ಶಾರ್ಲೆಟ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬಂತು. ಅರ್ಧ ಗಂಟೆಯೊಳಗೆ ಕೈ ಮುಗಿಯುವ ಚಿತ್ರಗಳ ಮೆರವಣಿಗೆ. ಭಾನುವಾರ ಬೆಳಿಗ್ಗೆ ಝೂಮ್‌ನಲ್ಲಿ ಶ್ರದ್ಧಾಂಜಲಿ ಸಭೆ. ನಾನೀಗ ಅಲ್ಲಿಂದ ಮೂರು ಗಂಟೆ ದೂರದ ಏಪೆಕ್ಸ್ ಎಂಬ ಊರಿನಲ್ಲಿದ್ದೇನೆ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಹುರುಳಿಕಾಯಿ ಹೆಚ್ಚುತ್ತ ಕೇಳಿಸಿಕೊಂಡೆ. ಸಂಘದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಸದಾ ಹಸನ್ಮುಖಿ, ಅಜಾತಶತ್ರು, ಎಲ್ಲರಿಗೂ ಬೇಕಾದ ಹಿರಿಯರು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಪುಣ್ಯಕ್ಕೆ ಮೈಕ್ ಆಫ್ ಇತ್ತು.

ಹಸನ್ಮುಖಿಯಂತೆ! ಎರಡೂವರೆ ವರ್ಷ ಆ ಮನುಷ್ಯನ ಕೈಕೆಳಗೆ ಕೆಲಸ ಮಾಡಿದವಳು ನಾನು. ಆ ಮುಖದಲ್ಲಿ ನಗು ಕಂಡದ್ದು ಎರಡೇ ಸಲ. ಎರಡು ಸಲವೂ ಬೇರೆ ಯಾವುದೋ ಕಂಪನಿಯ ಬಟ್ಟೆ ಹೊತ್ತಿಕೊಂಡು ಉರಿಯುತ್ತಿತ್ತು. ಇನ್ನು ಅಜಾತಶತ್ರು ಎಂದ ಈ ಅಧ್ಯಕ್ಷರೇ ಒಂದು ಯುಗಾದಿಯ ಊಟದ ಸಾಲಿನಲ್ಲಿ, "ಮುಂದಿನ ವರ್ಷ ಆ ಅಂಕಲ್‌ನ ಇನ್ವೈಟ್ ಮಾಡ್ಬೇಡ್ರಪ್ಪ, ಕೈ ಮುಗೀತೀನಿ" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ.

ಆ ಯುಗಾದಿಗೆ ನಡೆದದ್ದು ಇಷ್ಟು. ಬಾಡಿಗೆ ಸಭಾಂಗಣದ ವೇದಿಕೆಗೆ ಯಾರೋ ಮಿರಿಮಿರಿ ಮಿಂಚುವ ಪರದೆ ಕಟ್ಟಿದ್ದರು. ಮಕ್ಕಳ ನೃತ್ಯ ಇನ್ನೇನು ಶುರುವಾಗಬೇಕು, ಇವರು ಎದ್ದು ಹೋಗಿ ಪರದೆಯ ಅಂಚಿನಿಂದ ಒಂದು ಎಳೆ ಕಿತ್ತುಕೊಂಡು ಹೊರಗೆ ಪಾರ್ಕಿಂಗಿಗೆ ಹೋದರು. ಲೈಟರ್ ಹಚ್ಚಿ ಸುಟ್ಟು ನೋಡಿ ವಾಪಸ್ ಬಂದು, "ಇದು ಉರಿಯೋ ಬಟ್ಟೆ. ಕೆಳಗೆ ದೀಪ ಐತೆ. ಇಳಿಸ್ರಿ" ಎಂದರು. ಇಳಿಸುವವರೆಗೂ ವೇದಿಕೆಯಿಂದ ಕೆಳಗಿಳಿಯಲಿಲ್ಲ. ಕಾರ್ಯಕ್ರಮ ಒಂದು ಗಂಟೆ ತಡವಾಯಿತು, ಮೇಕಪ್ ಹಚ್ಚಿದ ಮಕ್ಕಳು ಅತ್ತವು, ಹೋಳಿಗೆ ತಣ್ಣಗಾಯಿತು. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಸರಿಯಾದದ್ದನ್ನು ಹೇಳಿ ಊರಿನವರನ್ನೆಲ್ಲ ಎದುರು ಹಾಕಿಕೊಳ್ಳುವ ವಿದ್ಯೆ ಅವರಿಗೆ ಚೆನ್ನಾಗಿ ಒಲಿದಿತ್ತು.

ಹೆಸರು ಬರೆಯುವುದಿಲ್ಲ. ನಾನು ಎದುರಿಗೆ ಸಾರ್ ಎನ್ನುತ್ತಿದ್ದೆ, ಮನೆಯಲ್ಲಿ ಗಂಡನ ಹತ್ತಿರ ಗಂಜಿ ಸಾಹೇಬರು ಎನ್ನುತ್ತಿದ್ದೆ. ಫೋರ್ಟ್ ಮಿಲ್ ಎಂಬ ಊರಿನಿಂದ ಸ್ವಲ್ಪ ದೂರದಲ್ಲಿದ್ದ ಒಂದು ನೇಯ್ಗೆ ಮಿಲ್ಲಿನಲ್ಲಿ ಅವರು ಗುಣಮಟ್ಟ ವಿಭಾಗದ ಮುಖ್ಯಸ್ಥರು. ಮಿಲ್ಲಿನ ಒಡೆಯನೇ ಬಣ್ಣಗೆಟ್ಟ ಟೀ ಶರ್ಟು, ಕ್ಯಾಪು ಹಾಕಿಕೊಂಡು ಬರುತ್ತಿದ್ದ. ಇವರು ಮಾತ್ರ ಚಳಿಗಾಲ, ಬೇಸಿಗೆ, ಕೊರೋನಾ ಏನೇ ಇರಲಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಹತ್ತಿ ಅಂಗಿ. ಕೈ ಎತ್ತಿದರೆ ಪರಪರ ಸದ್ದು ಬರುತ್ತಿತ್ತು. ಅವರು ಹಿಂದಿನಿಂದ ಬರುತ್ತಿದ್ದಾರೆ ಎಂಬುದು ಆ ಸದ್ದಿನಿಂದಲೇ ನಮಗೆ ಗೊತ್ತಾಗುತ್ತಿತ್ತು.

ದಾವಣಗೆರೆಯವರು. ತಂದೆ ಅಲ್ಲಿಯ ಹತ್ತಿ ಮಿಲ್ಲೊಂದರಲ್ಲಿ ಮಗ್ಗಗಳ ಉಸ್ತುವಾರಿ ನೋಡುವ ಜಾಬರ್ ಆಗಿದ್ದರಂತೆ. ಇವರು ಬಟ್ಟೆಯ ಇಂಜಿನಿಯರಿಂಗ್ ಓದಿ, ಮೇಲಿನ ಓದಿಗೆಂದು ನಾರ್ತ್ ಕ್ಯಾರೊಲೈನಾಕ್ಕೆ ಬಂದು ಇಲ್ಲಿನ ಮಿಲ್ಲುಗಳಲ್ಲೇ ನಿಂತರು. ಸೇರಿದ ಮಿಲ್ಲುಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿದವು. "ನಾನು ಕಾಲಿಟ್ಟಲ್ಲಿ ಬೀಗ ಬೀಳ್ತದೆ" ಎಂದು ಅದನ್ನೂ ಒಂದು ಡಿಗ್ರಿಯಂತೆ ಹೇಳಿಕೊಳ್ಳುತ್ತಿದ್ದರು. ಈ ಮಿಲ್ಲೊಂದು ಉಳಿದಿದ್ದಕ್ಕೆ ಕಾರಣ ಸೇನೆಯ ಬಟ್ಟೆಯ ಗುತ್ತಿಗೆ. ಅದೊಂದು ಇಲ್ಲದಿದ್ದರೆ ನಮ್ಮ ಮಿಲ್ಲೂ ಉಳಿದ ಮಿಲ್ಲುಗಳ ಹಾಗೆ ಕೆಂಪು ಇಟ್ಟಿಗೆಯ ಅಪಾರ್ಟ್‌ಮೆಂಟ್ ಆಗಿ, ಕೆಳಗೆ ಕಾಫಿ ಅಂಗಡಿ ಬಂದಿರುತ್ತಿತ್ತು.

ಆ ಗುತ್ತಿಗೆಯ ನಿಯಮಗಳೋ, ದೇವರಿಗೇ ಪ್ರೀತಿ. ಸೇನೆ ಕೊಳ್ಳುವ ಬಟ್ಟೆಯ ನಾರು, ನೂಲು, ನೇಯ್ಗೆ, ಬಣ್ಣ, ಹೊಲಿಗೆ ಎಲ್ಲ ಈ ದೇಶದ್ದೇ ಆಗಿರಬೇಕು ಎಂಬುದು ಹಳೆಯ ಕಾನೂನು. ಆದರೆ ಬೆಂಕಿ ತಡೆಯುವ ಸಮವಸ್ತ್ರಕ್ಕೆ ಬೇಕಾದ ಒಂದು ಬಗೆಯ ರೇಯಾನ್ ನಾರು ಇಲ್ಲಿ ತಯಾರಾಗುವುದಿಲ್ಲ, ಯೂರೋಪಿನಿಂದ ಬರಬೇಕು. ಸರಿ, ಅದಕ್ಕೊಂದು ವಿನಾಯಿತಿ. ನಾರು ಹೊರಗಿನದಾಗಬಹುದು, ಅದನ್ನು ನೂಲಾಗಿಸುವುದು ಮಾತ್ರ ಇಲ್ಲೇ ಆಗಬೇಕು. ಮಧ್ಯೆ ಕೆಲವು ವರ್ಷ ಇನ್ನೊಂದು ತಮಾಷೆ ನಡೆದಿತ್ತಂತೆ. ಆ ನಾರನ್ನು ಸರ್ಕಾರ ಕೊಳ್ಳಬಹುದು, ಆದರೆ ಟೆಂಡರಿನಲ್ಲಿ ಅದೇ ಬೇಕೆಂದು ಹೆಸರು ಹಿಡಿದು ಕೇಳುವ ಹಾಗಿಲ್ಲ! ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನು ಕೇಳಿ ಬಾಯಿ ತೆರೆದು ಕೂತಿದ್ದೆ.

"ನಮ್ಮಜ್ಜಿ ಹಂಗೆ ನೋಡಮ್ಮಾ ಗೌರ್ಮೆಂಟು," ಎಂದರು ಸಾಹೇಬರು. "ಗಂಡ ಬೇಕು. ಗಂಡನ ಹೆಸರು ಮಾತ್ರ ಬಾಯಲ್ಲಿ ಬರಬಾರ್ದು. ಜನಗಣತಿಯೋರು ಬಂದ್ರೆ ಗೋಡೆ ಮೇಲಿನ ದೇವರ ಪಟ ತೋರಿಸ್ತಿದ್ಲು."

ಹೀಗೆ ನಿಯಮಗಳನ್ನು ಹೀಯಾಳಿಸುತ್ತಿದ್ದ ಮನುಷ್ಯ ಅವೇ ನಿಯಮಗಳಿಗೆ ಜೋತುಬಿದ್ದದ್ದು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಒಂದು ರಟ್ಟಿನ ಪೆಟ್ಟಿಗೆಯ ಮೇಲಿನ ಚೀಟಿ ಕಿತ್ತುಹೋಗಿತ್ತು ಎಂಬ ಕಾರಣಕ್ಕೆ ಒಳಗಿದ್ದ ನೂಲನ್ನೆಲ್ಲ ಹಿಂದಕ್ಕೆ ಕಳಿಸಿದ್ದರು. ನೂಲು ಎಲ್ಲಿಯದು ಎಂದು ಅವರಿಗೂ ಗೊತ್ತು, ಕಳಿಸಿದವರಿಗೂ ಗೊತ್ತು. "ಗೊತ್ತಿರೋದು ಬ್ಯಾರೆ, ಬರೆದಿರೋದು ಬ್ಯಾರೆ," ಎಂದರು. ಮಗ್ಗ ಮೂರು ದಿನ ನಿಂತಿತು.

ನನ್ನ ಕೆಲಸ ತೊಳೆಯುವುದು, ಸುಡುವುದು, ಬರೆಯುವುದು. ಮೈಸೂರಿನಲ್ಲಿ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು ಸೌತ್ ಕ್ಯಾರೊಲೈನಾದಲ್ಲಿ ಅಗಸಗಿತ್ತಿಯಾದೆ ಎಂದು ಗಂಡ ಆಡಿಕೊಳ್ಳುತ್ತಿದ್ದ. ಪ್ರತಿ ಲಾಟಿನ ಬಟ್ಟೆಯಿಂದ ಪಟ್ಟಿಗಳನ್ನು ಕತ್ತರಿಸಿ, ಒಂದೊಂದನ್ನೂ ಪೆಟ್ಟಿಗೆಯೊಳಗೆ ನೇತುಹಾಕಿ, ಕೆಳಗಿನಿಂದ ಹನ್ನೆರಡು ಸೆಕೆಂಡು ಬೆಂಕಿ ಹಿಡಿಯಬೇಕು. ಬೆಂಕಿ ತೆಗೆದ ಮೇಲೆ ಎರಡು ಸೆಕೆಂಡಿನೊಳಗೆ ಬಟ್ಟೆ ತಾನಾಗಿ ಆರಬೇಕು. ಹೊಸ ಬಟ್ಟೆಯೂ ಆರಬೇಕು, ಇಪ್ಪತ್ತೈದು ಸಲ ಯಂತ್ರದಲ್ಲಿ ತೊಳೆದ ಬಟ್ಟೆಯೂ ಆರಬೇಕು. ಪ್ರತಿ ತೊಳೆತದ ನೀರಿನ ಬಿಸಿ, ಸೋಪಿನ ತೂಕ, ಹೊತ್ತು ಎಲ್ಲವನ್ನೂ ಬರೆಯಬೇಕು. "ಬರೆದಿಲ್ಲ ಅಂದ್ರೆ ತೊಳೆದಿಲ್ಲ" ಎಂಬುದು ಸಾಹೇಬರ ಮಂತ್ರ.

ಬರೆದದ್ದಾದರೂ ಒಪ್ಪಿಗೆಯಾಗುತ್ತಿತ್ತೇ? ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಇಲ್ಲೊಂದು ಸೊನ್ನೆ ಸುತ್ತು, ಅಲ್ಲೊಂದು ಪ್ರಶ್ನೆ. ಎರಡೂವರೆ ವರ್ಷದಲ್ಲಿ ನನ್ನ ಒಂದೇ ಒಂದು ವರದಿ ಮೊದಲ ಸಲಕ್ಕೆ ಪಾಸಾಗಲಿಲ್ಲ. ಮೂರನೇ ಸಲಕ್ಕೆ ಪಾಸಾದಾಗಲೂ ಬರಿಯ ಸಹಿ. ಮಗ್ಗ ನೋಡಿಕೊಳ್ಳುತ್ತಿದ್ದ ಒಬ್ಬ ವಯಸ್ಸಾದ ಬಿಳಿಯ ಹೆಂಗಸಿನ ಚೀಟಿಗೆ ಮಾತ್ರ ದಿನಾ ಕೆಂಪು ಟಿಕ್ಕು ಹಾಕಿ ಪಕ್ಕದಲ್ಲಿ 'ಓಕೆ' ಎಂದು ಬರೆಯುತ್ತಿದ್ದರು. ಒಂದು ದಿನ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, "ಸಾರ್, ನನಗ್ಯಾಕೆ ಬರೀ ಸೈನ್?"

"ಓಕೆ ಆದ ದಿನ ಬರೀತೀನಮ್ಮ," ಎಂದರು, ತಲೆ ಎತ್ತದೆ.

ಇಷ್ಟೆಲ್ಲ ಸಹಿಸಿಕೊಂಡು ನಾನು ಯಾಕೆ ಇದ್ದೆ ಎಂದು ಕೇಳುವವರಿಗೆ ಉತ್ತರ ಸುಲಭ. ಹಿಂದಿನ ಕಂಪನಿಯ ಕಾಲದಿಂದ ಸಾಲಿನಲ್ಲಿದ್ದ ನನ್ನ ಗ್ರೀನ್ ಕಾರ್ಡಿನ ಅರ್ಜಿ ಈಗ ಆ ಮಿಲ್ಲಿನ ಹೆಸರಿನಲ್ಲಿ ನಡೆಯುತ್ತಿತ್ತು. ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಬ್ಬ ಯಜಮಾನನನ್ನು ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಗಂಡ ನನ್ನ ವೀಸಾದ ಸೆರಗು ಹಿಡಿದು ಬಂದವನು. ಮಗಳು ಎರಡನೇ ಕ್ಲಾಸು, "ಅಮ್ಮಾ, ಇಂಡಿಯಾ ಇಸ್ ಫಾರ್ ಸಮ್ಮರ್, ರೈಟ್?" ಎಂದು ಕೇಳುವವಳು.

ವಾಷಿಂಗ್ಟನ್ ಹತ್ತಿರ ಒಂದು ಹೋಟೆಲಿನಲ್ಲಿ ಬಟ್ಟೆ ಪೂರೈಸುವ ಕಂಪನಿಗಳಿಗೆಂದು ಸಭೆ ಇಟ್ಟಿದ್ದರು. ನಮ್ಮಿಬ್ಬರನ್ನು ಕಳಿಸಿದರು. ಏಳು ಗಂಟೆ ಕಾರಿನಲ್ಲಿ ಒಟ್ಟಿಗೆ! ದಾರಿಯುದ್ದಕ್ಕೂ ನನ್ನ ಸೀಟಿನ ಬಟ್ಟೆ ಯಾವುದು, ಉರಿದರೆ ಎಷ್ಟು ಹೊತ್ತಿಗೆ ನನ್ನವರೆಗೆ ಬರುತ್ತದೆ ಎಂದು ಹೇಳಿದರು. ಸಭೆಯಲ್ಲಿ ಅಧಿಕಾರಿಯೊಬ್ಬರು ಸ್ಲೈಡುಗಳನ್ನು ಓದಿ ಮುಗಿಸಿ ಪ್ರಶ್ನೆಗಳೇನಾದರೂ ಇವೆಯೇ ಎಂದದ್ದೇ ತಡ, ಇವರು ಎದ್ದು ನಿಂತರು. ಇಲ್ಲಿಯ ಬಟ್ಟೆ ಉರಿದರೆ ಅದು ಕಾನೂನುಬದ್ಧವೇ, ಹೊರಗಿನ ಬಟ್ಟೆ ಉರಿಯದಿದ್ದರೆ ಅದು ಅಪರಾಧವೇ ಎಂದು ಕೇಳಿದರು. ಎರಡೂ ನಿಯಮ ಬೇರೆ ಬೇರೆ ಕಚೇರಿಯವು, ಆಮೇಲೆ ತಿಳಿಸುತ್ತೇವೆ ಎಂದರು ಅಧಿಕಾರಿ. ಇವತ್ತಿನವರೆಗೂ ತಿಳಿಸಿಲ್ಲ.

"ಬೆಂಕಿ ಪಾಸ್‌ಪೋರ್ಟ್ ನೋಡಲ್ಲಮ್ಮ," ಎಂದರು ನನಗೆ, ಲಿಫ್ಟಿನಲ್ಲಿ. "ಆದ್ರೆ ನಾನು ನೋಡ್ಬೇಕು. ಆ ಪಾಸ್‌ಪೋರ್ಟ್‌ನಿಂದಾನೇ ನಮ್ಮ ಹೊಟ್ಟೆ ತುಂಬೋದು."

ಅವತ್ತು ಸಂಜೆ ಅಲ್ಲೇ ಹತ್ತಿರದ ಆಲ್ಡಿ ಎಂಬ ಊರಿನಲ್ಲಿ, ನನ್ನ ಗಂಡನ ಗೆಳೆಯನ ಮನೆಯಲ್ಲಿ ನಮ್ಮಿಬ್ಬರಿಗೂ ಊಟ. ಹೊಸ ಮನೆ, ಎತ್ತರದ ಛಾವಣಿ, ಎಲ್ಲರೂ ಸಾಫ್ಟ್‌ವೇರಿನವರು. ಒಬ್ಬ ಹುಡುಗ ತಟ್ಟೆಯಲ್ಲಿ ಬಿಸಿಬೇಳೆಬಾತ್ ಹಾಕಿಕೊಳ್ಳುತ್ತ ಮರ್ಯಾದೆಗೆ ಕೇಳಿದ, "ಅಂಕಲ್, ನೀವು ಏನ್ ವರ್ಕ್ ಮಾಡ್ತೀರಾ?"

"ಬಟ್ಟೆ ಸುಡ್ತೀನಿ."

"ಓ, ನೈಸ್. ಫುಲ್ ಟೈಮಾ?"

"ಹೂಂ. ನಿನ್ನ ಜುಬ್ಬ ನಾಲ್ಕು ಸೆಕೆಂಡ್ ತಗೊಳ್ತದೆ," ಎಂದರು. ಆ ಹುಡುಗ ಊಟ ಮುಗಿಯುವವರೆಗೆ ದೇವರ ಮನೆಯ ದೀಪದ ಕಡೆ ಹೋಗಲಿಲ್ಲ. ನಾನು ಅವಮಾನದಿಂದ ತಲೆ ತಗ್ಗಿಸಿಕೊಂಡು ಮೊಸರನ್ನ ತಿಂದೆ.

ಈಗ ಅಂಗಿಯ ಕಥೆಗೆ ಬರುತ್ತೇನೆ. ಅವರ ಹೆಂಡತಿ ಬಟ್ಟೆ ಒಗೆಯುವ ಹೊಸ ಯಂತ್ರ ಕೊಂಡಾಗ ಅದಕ್ಕೆ ಗಂಜಿ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಹಳೆಯದು ಗಂಜಿ ಕಟ್ಟಿಕೊಂಡೇ ಕೆಟ್ಟಿತ್ತಂತೆ. ಗಂಜಿಯಿಲ್ಲದ ಅಂಗಿ ಹಾಕುವುದೆಂದರೆ ಸಾಹೇಬರಿಗೆ ಬರಿಮೈಯಲ್ಲಿ ಬಂದಂತೆ. ಹಾಗಾಗಿ ಶನಿವಾರ ಮಿಲ್ಲಿಗೆ ರಜೆ ಇದ್ದಾಗ ಒಂದು ದೊಡ್ಡ ಚೀಲ ಹೊತ್ತು ಲ್ಯಾಬಿಗೆ ಬರುತ್ತಿದ್ದರು. ರಜೆಯಲ್ಲೂ ದುಡಿಯುತ್ತಾರೆ ಎಂದು ಮ್ಯಾನೇಜರ್ ಹೊಗಳುತ್ತಿದ್ದ. ಒಂದು ಶನಿವಾರ ಮರೆತ ಲಂಚ್ ಡಬ್ಬಿಗೆಂದು ನಾನು ಹೋದಾಗ ನೋಡಿದ್ದೇನು? ಹವೆಯ ತೇವ, ಬಿಸಿ ಎರಡೂ ಸರ್ಕಾರ ಹೇಳಿದಷ್ಟೇ ಇರಬೇಕಾದ, ಬಟ್ಟೆಯ ಮಾದರಿಗಳನ್ನು ಮಾತ್ರ ಇಡಬೇಕಾದ ಕೋಣೆಯಲ್ಲಿ ಆರು ಬಿಳಿ ಅಂಗಿಗಳು ಸಾಲಾಗಿ ಒಣಗುತ್ತಿವೆ. ತೊಳೆಯುವ ಯಂತ್ರದ ಪಕ್ಕ ಹಣ್ಣಿನ ರಸದ ಹಳೆಯ ಕ್ಯಾನು, ಅದರ ತುಂಬ ಮನೆಯಿಂದ ತಂದ ಅನ್ನದ ಗಂಜಿ. ಸಾಹೇಬರು ನನ್ನನ್ನು ನೋಡಿ, "ಡಬ್ಬಿ ಫ್ರಿಜ್ಜಿನ ಮೇಲೈತೆ" ಎಂದರು. ಅಷ್ಟೇ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದುಕೊಂಡು ಮನೆಗೆ ಬಂದು ಗಂಡನೊಂದಿಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಆ ನಗು ನಿಂತದ್ದು ಎರಡು ಸಾವಿರದ ಇಪ್ಪತ್ತಮೂರರ ಬೇಸಿಗೆಯಲ್ಲಿ. ಒಂದು ಮಂಗಳವಾರ, ಇಪ್ಪತ್ತೈದು ಸಲ ತೊಳೆದ ಪಟ್ಟಿಯನ್ನು ನೇತುಹಾಕಿ ಬೆಂಕಿ ಹಿಡಿದೆ. ಬೆಂಕಿ ತೆಗೆದೆ. ಬಟ್ಟೆ ಆರಲಿಲ್ಲ. ಎರಡು ಸೆಕೆಂಡು, ಐದು ಸೆಕೆಂಡು, ಜ್ವಾಲೆ ಪಟ್ಟಿಯ ಮೈಮೇಲೆ ನಿಧಾನವಾಗಿ ಹತ್ತುತ್ತಲೇ ಇತ್ತು. ಇನ್ನೊಂದು ಪಟ್ಟಿ, ಅದೂ ಹಾಗೇ. ಅದೇ ಲಾಟಿನ ತೊಳೆಯದ ಪಟ್ಟಿ ಮಾತ್ರ ತಕ್ಷಣ ಆರಿತು.

ಬಟ್ಟೆ ಗುತ್ತಿಗೆಯಂತೆ ಇನ್ನೊಂದು ವಾರದಲ್ಲಿ ಹೋಗಬೇಕಿತ್ತು. ಮ್ಯಾನೇಜರ್ ಓಡಿ ಬಂದ. ಇವನು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. ಮೂಗು ಅರಳಿಸಿ ಪಾಪ್‌ಕಾರ್ನ್ ವಾಸನೆ ಬರುತ್ತಿದೆಯಲ್ಲ ಎಂದ. ಪಾಪ್‌ಕಾರ್ನ್ ಅಂತೆ, ಅವನ ತಲೆ! ನನಗೆ ಮೊದಲ ಉಸಿರಿಗೇ ಗೊತ್ತಾಗಿತ್ತು. ಅದು ತಳ ಹಿಡಿದ ಅನ್ನದ ವಾಸನೆ. ಕುಕ್ಕರ್ ಇಟ್ಟು ಮರೆತು ಸೀರಿಯಲ್ ನೋಡಿದ ಯಾವ ಕನ್ನಡತಿಗೂ ಆ ವಾಸನೆ ಗೊತ್ತು.

ಬೆಂಕಿ ತಡೆಯುವ ಬಟ್ಟೆಯ ಮೇಲೆ ಹಿಟ್ಟಿನ ಪೊರೆ ಕೂತರೆ ಆ ಪೊರೆ ಉರಿಯುತ್ತದೆ. ಅದಕ್ಕೇ ಸಮವಸ್ತ್ರದ ಒಳಚೀಟಿಯಲ್ಲೇ ಗಂಜಿ ಹಾಕಬೇಡಿ ಎಂದು ಅಚ್ಚು ಹಾಕುತ್ತಾರೆ. ಆ ಚೀಟಿಯ ಒಕ್ಕಣೆಯನ್ನು ನನಗೆ ಬಾಯಿಪಾಠ ಮಾಡಿಸಿದ್ದು ಸಾಹೇಬರೇ! ಯಂತ್ರದ ಡ್ರಮ್ಮಿನ ಅಂಚಿನ ಕೆಳಗೆ ತಿಂಗಳುಗಟ್ಟಲೆ ಕಟ್ಟಿದ ಗಂಜಿ, ಬಿಸಿನೀರಿಗೆ ಕರಗಿ ನನ್ನ ಪಟ್ಟಿಗಳಿಗೆ ಮೆತ್ತಿಕೊಂಡಿತ್ತು. ಯಾರಿಗೂ ಹೇಳದೆ ಪಕ್ಕದ ಕಟ್ಟಡದ ಯಂತ್ರದಲ್ಲಿ ಅದೇ ಪಟ್ಟಿಯನ್ನು ಒಂದೆರಡು ಸಲ ಚೆನ್ನಾಗಿ ತೊಳೆದು ಸುಟ್ಟು ನೋಡಿದೆ. ತಟ್ಟನೆ ಆರಿತು.

ಬುಧವಾರ ಮ್ಯಾನೇಜರ್ ನನ್ನನ್ನು ಕರೆದ. ಏನಾದರೂ ತಪ್ಪಾದರೆ ಸರ್ಕಾರಕ್ಕೆ ಒಂದು ನಮೂನೆ ತುಂಬಿ ಕಳಿಸಬೇಕು, ಅದರಲ್ಲಿ 'ಮೂಲ ಕಾರಣ' ಎಂದು ಒಂದು ಖಾನೆ. ಆ ಖಾನೆಯಲ್ಲಿ 'ಆಪರೇಟರ್ ಎರರ್' ಎಂದು ಬರೆದರೆ ಎಲ್ಲ ಬೇಗ ಮುಗಿಯುತ್ತದೆ, ಸೋಪಿನ ಅಳತೆ ತಪ್ಪಿತು ಎಂದರೆ ಆಯಿತು ಎಂದ. ಬಹಳ ಮೃದುವಾಗಿ ಹೇಳಿದ. ಈ ಊರಿನವರು ಕತ್ತು ಕೊಯ್ಯುವಾಗಲೂ ಜೇನು ಸುರಿಸಿ 'ಹನಿ' ಎಂದೇ ಮುದ್ದಾಗಿ ಕರೆಯುತ್ತಾರೆ. ಆಪರೇಟರ್ ಎಂದರೆ ನಾನು. ಸೇನೆಯ ಪರೀಕ್ಷೆಯಲ್ಲಿ ತಪ್ಪು ಮಾಡಿದವಳು ಎಂದು ದಾಖಲೆಯಾದ ಮೇಲೆ ನನ್ನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಆಮೇಲೆ ಅರವತ್ತು ದಿನ. ಮಗಳಿಗೆ ಇಂಡಿಯಾ ಬೇಸಿಗೆಗೆ ಮಾತ್ರ ಅಲ್ಲ ಎಂದು ಹೇಳಬೇಕು.

ಸೀದಾ ಸಾಹೇಬರ ಕೋಣೆಗೆ ಹೋದೆ. "ಸಾರ್, ಆ ಸ್ಯಾಂಪಲ್ ಸುಟ್ಟಾಗ ಸೀದ ಅನ್ನದ ಸ್ಮೆಲ್ ಬಂತು. ಗಂಜಿ ಸಾರ್. ನಿಮ್ ಗಂಜಿ."

ಅವರು ಪೆನ್ನು ಕೆಳಗಿಟ್ಟರು. ನನ್ನ ಮುಖ ನೋಡಿದರು. ತಮ್ಮ ಅಂಗಿಯ ತೋಳನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದರು. ಎದ್ದು ಪರಪರ ಸದ್ದು ಮಾಡುತ್ತ ತೊಳೆಯುವ ಕೋಣೆಗೆ ಹೋದರು. ನಾನು ಬಾಗಿಲಿನ ಗಾಜಿನಿಂದ ನೋಡುತ್ತ ನಿಂತೆ. ಆ ವಯಸ್ಸಿನಲ್ಲಿ ಮಂಡಿಯೂರಿ, ಯಂತ್ರದೊಳಗೆ ತಲೆ ತೂರಿಸಿ, ಉಕ್ಕಿನ ಸ್ಕೇಲಿನಿಂದ ಡ್ರಮ್ಮಿನ ಅಂಚನ್ನು ಕೆರೆದು ಕೆರೆದು ತೆಗೆಯುತ್ತಿದ್ದರು.

ನನಗೆ ರಕ್ತ ನೆತ್ತಿಗೇರಿತು. ಅಯ್ಯೋ ಮುದಿಯಾ, ಸಾಕ್ಷಿ ಅಳಿಸುತ್ತಿದ್ದೀಯಾ? ಊರಿಗೆಲ್ಲ ನಿಯಮದ ಪುರಾಣ ಹೇಳಿ, ಕೊನೆಗೆ ನನ್ನ ಮಗುವಿನ ಬಾಯಿಗೆ ಮಣ್ಣು ಹಾಕುತ್ತೀಯಾ? ನಿವೃತ್ತಿಗೆ ಒಂಬತ್ತು ತಿಂಗಳಿತ್ತು ಅವರಿಗೆ. ಸನ್ಮಾನ, ಫಲಕ, ಕೇಕು ಎಲ್ಲ ಕಾದಿದ್ದವು. ಅದಕ್ಕಾಗಿ ನನ್ನನ್ನು ಬಲಿ ಕೊಡುತ್ತಾರೆ ಎಂದು ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಒಂದು ಮೇಲ್ ಬರೆದೆ. ಮ್ಯಾನೇಜರಿಗೆ, ಒಡೆಯನಿಗೆ, ಗುತ್ತಿಗೆ ವಿಭಾಗಕ್ಕೆ. ಸಾಹೇಬರಿಗೂ ಒಂದು ಪ್ರತಿ, ಓದಿಕೊಳ್ಳಲಿ ಎಂದೇ. ಗುಣಮಟ್ಟ ವಿಭಾಗದ ಮುಖ್ಯಸ್ಥರು ಪ್ರತಿ ಶನಿವಾರ ಲ್ಯಾಬಿನ ಯಂತ್ರದಲ್ಲಿ ತಮ್ಮ ಸ್ವಂತ ಅಂಗಿಗಳಿಗೆ ಗಂಜಿ ಹಾಕುತ್ತಾರೆ, ನಿನ್ನೆ ಯಂತ್ರವನ್ನು ಕೆರೆದು ಸ್ವಚ್ಛ ಮಾಡಿದ್ದನ್ನು ಕಣ್ಣಾರೆ ಕಂಡೆ ಎಂದು ಬರೆದೆ. ಒಂದೊಂದು ಪದವನ್ನೂ ಅವರೇ ಕಲಿಸಿದ ಹಾಗೆ ಅಳೆದು ಬರೆದೆ. ಕಳಿಸಿದಾಗ ಒಂದು ಬಗೆಯ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊದಲು ಬಂದವನು ಮ್ಯಾನೇಜರ್. ನನ್ನ ಮೇಜಿನ ಅಂಚಿಗೆ ಒರಗಿ, ಬೇಸರದಿಂದ, ಇಷ್ಟು ಟೈಪ್ ಮಾಡುವ ಶ್ರಮವನ್ನು ಉಳಿಸಿಕೊಳ್ಳಬಹುದಿತ್ತು ಎಂದ. ಸಾಹೇಬರು ಬೆಳಿಗ್ಗೆಯೇ ನಮೂನೆ ತುಂಬಿ ಸರ್ಕಾರಕ್ಕೆ ಕಳಿಸಿಬಿಟ್ಟಿದ್ದರು. ಮೂಲ ಕಾರಣದ ಖಾನೆಯಲ್ಲಿ ಬರೆದದ್ದು: 'ಅಕ್ಕಿಯ ಗಂಜಿ. ನನ್ನ ಅಂಗಿಗಳು.' ಕೆಳಗೆ ಸಹಿ. ಜೊತೆಗೆ ಡ್ರಮ್ಮಿನಿಂದ ಕೆರೆದ ಪುಡಿ, ಪುಟ್ಟ ಚೀಲದಲ್ಲಿ, ತಾರೀಕಿನ ಚೀಟಿ ಅಂಟಿಸಿ. ಆಪರೇಟರ್ ಎರರ್ ಎಂದು ಬರೆಯಿರಿ, ಹುಡುಗಿಗೆ ಮತ್ತೆ ತರಬೇತಿ ಕೊಟ್ಟರಾಯಿತು ಎಂದು ಇವನು ಎರಡು ಗಂಟೆ ಹೇಳಿದ್ದನಂತೆ. ಆ ಮುದುಕ ಕಲ್ಲು ಎಂದ ಮ್ಯಾನೇಜರ್.

ನಾನು ಮೇಲ್ ಹಿಂದಕ್ಕೆ ಪಡೆಯಲು ಏನೇನೋ ಒತ್ತಿದೆ, ಆಗಲಿಲ್ಲ. ಆಗಲೇ ಸಾಹೇಬರ ಉತ್ತರ ಬಂತು, ನನ್ನ ಮೇಲ್ ಹೋದ ಎಲ್ಲರಿಗೂ. ಇಂಗ್ಲಿಷಿನಲ್ಲಿ ಮೂರೇ ಸಾಲು: 'ಎರಡನೇ ಪ್ಯಾರಾದಲ್ಲಿ ಶನಿವಾರ ಎಂದು ಮಾತ್ರ ಬರೆದಿದ್ದೀರಿ. ಮಾರ್ಚಿನಿಂದ ಬುಧವಾರ ಸಂಜೆಯೂ ಗಂಜಿ ಹಾಕಿದ್ದೇನೆ. ದಯವಿಟ್ಟು ತಿದ್ದಿ ಮತ್ತೆ ಕಳಿಸಿ.'

ಕಲಿತ ಬುದ್ಧಿ ಎಲ್ಲಿ ಹೋಗುತ್ತದೆ? ನಾನು ತಿದ್ದಿ ಮತ್ತೆ ಕಳಿಸಿದೆ. ಹೌದು, ಕಳಿಸಿದೆ. ಅವರ ಕೋಣೆಗೆ ಹೋಗಿ ಕ್ಷಮಿಸಿ ಎನ್ನುವುದಕ್ಕಿಂತ 'ಬುಧವಾರ' ಎಂಬ ಒಂದು ಪದ ಸೇರಿಸುವುದು ಸುಲಭವಾಗಿತ್ತು.

ಸಾಹೇಬರು ಗಂಜಿ ಹಾಕತೊಡಗಿದಂದಿನಿಂದ ಹೋದ ಎಲ್ಲ ಲಾಟುಗಳ ಪಟ್ಟಿಗಳನ್ನೂ ಹೊಸ ಯಂತ್ರದಲ್ಲಿ ಮತ್ತೆ ತೊಳೆದು ಸುಟ್ಟೆವು. ಎಲ್ಲವೂ ಪಾಸಾದವು, ಗುತ್ತಿಗೆ ಉಳಿಯಿತು. ಸಾಹೇಬರನ್ನು ಒಂದು ಸೋಮವಾರ ಸುಮ್ಮನೆ ಮನೆಗೆ ಕಳಿಸಿದರು. ಕೇಕಿಲ್ಲ, ಫಲಕವಿಲ್ಲ, ಒಂದು ರಟ್ಟಿನ ಪೆಟ್ಟಿಗೆ ಅಷ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ, ಇವರದು ಗಂಜಿಗೆ ಹೋಯಿತು. ಮಗ್ಗದ ಆ ವಯಸ್ಸಾದ ಹೆಂಗಸು ಮಾತ್ರ ಬಾಗಿಲವರೆಗೆ ಬಂದು ಅವರ ಕೈ ಕುಲುಕಿದಳು. ನಾನು ಬಾತ್‌ರೂಮಿನಲ್ಲಿ ಬಚ್ಚಿಟ್ಟುಕೊಂಡಿದ್ದೆ. ಕನ್ನಡಿಗರ ಗುಂಪಿನಲ್ಲಿ ವಾರಗಟ್ಟಲೆ ಗಂಜಿ ಜೋಕುಗಳು ಓಡಾಡಿದವು, ಹಸನ್ಮುಖಿ ಎಂದ ಅಧ್ಯಕ್ಷರದೂ ಅದರಲ್ಲಿ ಎರಡಿದ್ದವು. ನನ್ನ ಗ್ರೀನ್ ಕಾರ್ಡು ಬಂತು. ಏಪೆಕ್ಸ್‌ನಲ್ಲಿ ಒಳ್ಳೆಯ ಕೆಲಸವೂ ಸಿಕ್ಕಿತು. ಫೋರ್ಟ್ ಮಿಲ್ ಕಡೆ ಮತ್ತೆ ತಲೆ ಹಾಕಲಿಲ್ಲ.

ಝೂಮ್ ಸಭೆಯ ಕೊನೆಯಲ್ಲಿ ಅವರ ಹೆಂಡತಿ ಪರದೆಯ ಮೇಲೆ ಬಂದು, ಎಲ್ಲರ ನಡುವೆ ನನ್ನ ಹೆಸರು ಹಿಡಿದು, "ಬಂದ್ಹೋಗಮ್ಮ, ಅವರ ಶೆಲ್ಫಲ್ಲಿ ನಿಂದೊಂದು ಐತೆ" ಎಂದರು. ಮುಂದಿನ ಶನಿವಾರ ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಆಂಟಿ ಕಾಫಿ ಕೊಟ್ಟರು. ಒಗೆದು ಮಡಿಸಿದ ಬಿಳಿ ಅಂಗಿಗಳ ರಾಶಿ ಸೋಫಾದ ಮೇಲಿತ್ತು, ಯಾರಿಗಾದರೂ ಕೊಡಲು. ಎಲ್ಲ ಮೆತ್ತಗೆ ಕುಸಿದಿದ್ದವು.

"ಕೆಲಸ ಬಿಟ್ಮೇಲೆ ಗಂಜಿ ಹಾಕಿದ್ದೇ ಇಲ್ಲಮ್ಮ," ಎಂದರು ಆಂಟಿ. "ನಾನೇ ಮಷೀನ್‌ಗೆ ಹಾಕ್ಕೊಳ್ಳಿ ಅಂದೆ, ಹೋದ್ರೆ ಹೋಗ್ಲಿ ಅಂತ. ಬ್ಯಾಡ ಅಂದ್ರು."

ನಂತರ ಒಂದು ತೆಳ್ಳಗಿನ ಫೈಲು ತಂದು ನನ್ನ ಕೈಗಿಟ್ಟರು. "ಕನ್ನಡಕ ಎಲ್ಲಿಟ್ಟೆನೋ, ಸಣ್ಣಕ್ಷರ ಓದೋಕೆ ಆಗ್ಲಿಲ್ಲ. ನಿನ್ನ ಹೆಸರು ಕಾಣ್ತು, ಕೆಳಗೆ ಅವರ ಕೈಬರಹ ಕಾಣ್ತು. ಏನೋ ಸರ್ಟಿಫಿಕೇಟ್ ಇರ್ಬೇಕು, ಬ್ಯಾರೆ ಯಾರದ್ದೂ ಹಿಂಗೆ ಇಟ್ಕೊಂಡಿಲ್ಲ ನೋಡು."

ತೆರೆದೆ. ಪಿನ್ನು ಹೊಡೆದ ಎರಡು ಹಾಳೆ. ಮೊದಲನೆಯದು ನನ್ನ ಮೇಲ್, 'ಶನಿವಾರ' ಎಂಬಲ್ಲಿ ಕೆಂಪು ಸುತ್ತು. ಎರಡನೆಯದು ತಿದ್ದಿ ಕಳಿಸಿದ್ದು. ಅದರಲ್ಲಿ ಒಂದೂ ಸುತ್ತಿಲ್ಲ. ಕೆಳಗೆ ಅವರ ಸಹಿ, ತಾರೀಕು, ಒಂದು ಕೆಂಪು ಟಿಕ್ಕು, ಪಕ್ಕದಲ್ಲಿ 'ಓಕೆ'.

"ಸರ್ಟಿಫಿಕೇಟೇ ಅಲ್ಲೇನಮ್ಮ?" ಎಂದರು ಆಂಟಿ.

"ಹೂಂ ಆಂಟಿ," ಎಂದೆ. "ಸರ್ಟಿಫಿಕೇಟೇ."